ಮರ ತಿನ್ನುವವಳು, ಮಣ್ಣು ತೋಡುವವಳು

ನಾನು ಒಂದು ಜಿರಳೆ. ಮೊದಲು ಕೈಯಲ್ಲಿರುವ ಚಪ್ಪಲಿ ಕೆಳಗಿಡಿ, ಆಮೇಲೆ ಮಾತಾಡೋಣ. ನಿಮ್ಮ ಅಡುಗೆಮನೆಯ ಸಿಂಕಿನ ಕೆಳಗೆ ಓಡಾಡುವವರು ನಮ್ಮ ಪೈಕಿಯವರೇ ಹೌದು. ಆದರೆ ನಮಗೂ ಅವರಿಗೂ ಹೋಗಿಬರುವ ಬಳಕೆ ಇಲ್ಲ. ನಾನು ನಿಮ್ಮ ಸಕ್ಕರೆ ಡಬ್ಬಿಯನ್ನು ಕಂಡವಳೇ ಅಲ್ಲ. ನಾನು ಮರ ತಿನ್ನುವವಳು. ಸತ್ತು, ಬಿದ್ದು, ಮೆತ್ತಗಾದ ಮರ. ಅದರಲ್ಲೇ ಹುಟ್ಟಿದೆ, ಅದನ್ನೇ ಉಂಡೆ, ಅದರೊಳಗೇ ಸಂಸಾರ ಹೂಡಿದೆ. ಗೆದ್ದಲು ನಮಗೆ ದೂರದ ದಾಯಾದಿಗಳಂತೆ. ಕಾಲೇಜಿನಲ್ಲಿ ಹಾಗೆ ಪಾಠ ಮಾಡುವುದನ್ನು ನಾನೇ ಕೇಳಿದ್ದೇನೆ. ಅವರ ಹಾಗೆ ಕಂಡವರ ಬಾಗಿಲು ಕಿಟಕಿ ಮುಕ್ಕುವ ದುರಾಸೆ ನಮಗಿಲ್ಲ.

ಇನ್ನೊಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಈ ಲೋಕದಲ್ಲಿ ನಾನು ಹೆದರುವುದು ಹಲ್ಲಿಗೂ ಅಲ್ಲ, ಹಕ್ಕಿಗೂ ಅಲ್ಲ. ಚೊಕ್ಕ ಮಾಡುವವರಿಗೆ. ನನ್ನ ಬದುಕನ್ನು ಮೂರು ಸಲ ಮುರಿದವರು ಅವರೇ. ಮೂರು ಸಲವೂ ಅವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ.

ನಾನು ಹುಟ್ಟಿದ್ದು ಅಂಬಡೆಪದವಿನ ಬುಡದಲ್ಲಿದ್ದ ನಾಗಬನದೊಳಗೆ. ಪದವು ಎಂದರೆ ಕರಾವಳಿಯ ಕಡೆ ಕಾಣುವ, ಮುರಕಲ್ಲಿನ ಚಪ್ಪಟೆ ಗುಡ್ಡ. ಮೇಲೆ ಹುಲ್ಲು, ಮುಳ್ಳುಕಂಟಿ. ಹೇಳಿಕೊಳ್ಳುವಂಥ ಒಂದು ಮರವಿಲ್ಲ. ಬುಡದ ತಗ್ಗಿನಲ್ಲಿ ಮಾತ್ರ ಒಂದು ಎಕರೆಯಷ್ಟು ಕಾಡು ಉಳಿದಿತ್ತು, ಅದೂ ನಾಗನ ಹೆಸರಿನಲ್ಲಿ. ಬನದ ಕಟ್ಟುಪಾಡು ಊರಿಗೆಲ್ಲ ಗೊತ್ತು. ಅಲ್ಲಿ ಕತ್ತಿ ಆಡಿಸುವಂತಿಲ್ಲ, ಬಿದ್ದ ಕೊಂಬೆಯನ್ನು ಒಲೆಗೆ ಒಯ್ಯುವಂತಿಲ್ಲ, ಯಾವ ಜೀವವನ್ನೂ ತೆಗೆಯುವಂತಿಲ್ಲ. ಹಾಗಾಗಿ ಮೂವತ್ತು ವರ್ಷಗಳ ಹಿಂದೆ ಗಾಳಿಗೆ ಉರುಳಿದ ಒಂದು ರೆಂಜೆ ಮರ ಬಿದ್ದಲ್ಲೇ ಬಿದ್ದುಕೊಂಡಿತ್ತು. ಅದರ ಹೊಟ್ಟೆಯೊಳಗೆ ನಮ್ಮ ಇಪ್ಪತ್ತು ಸಂಸಾರಗಳಿದ್ದವು.

ನಮ್ಮಲ್ಲಿ ಮೊಟ್ಟೆಯನ್ನು ಎಲ್ಲೋ ಇಟ್ಟು ಹೋಗುವ ಪದ್ಧತಿ ಇಲ್ಲ. ತಾಯಿ ಅವನ್ನು ಒಡಲಲ್ಲೇ ಹೊತ್ತು ಮರಿಗಳನ್ನು ಹೆರುತ್ತಾಳೆ. ಹುಟ್ಟಿದಾಗ ನಾವು ಬಿಳಿಚಿಕೊಂಡ ಮೆತ್ತನೆಯ ಮುದ್ದೆಗಳು. ಮರ ಅಗಿಯುವ ಶಕ್ತಿ ದವಡೆಯಲ್ಲಿ ಇರುವುದಿಲ್ಲ. ಅಪ್ಪ ಅಮ್ಮ ಅಗಿದು, ಹೊಟ್ಟೆಯಲ್ಲಿ ಹದಮಾಡಿ, ಬಾಯಿಂದ ಬಾಯಿಗೆ ಹನಿಹನಿಯಾಗಿ ಉಣಿಸುತ್ತಾರೆ. ಅಮ್ಮನ ಬಾಯಿಯ ಕೆಳಗೆ ಹತ್ತು ಮರಿಗಳು ಒತ್ತೊತ್ತಾಗಿ ನಿಂತು ನಮ್ಮ ಸರದಿಗೆ ಕಾಯುತ್ತಿದ್ದುದು ನನ್ನ ಮೊದಲ ನೆನಪು. ಸರದಿ ತಪ್ಪಿಸಿ ನುಗ್ಗುವವಳು ಯಾವಾಗಲೂ ನಾನೇ.

ದೊಡ್ಡವಳಾದ ಮೇಲೆ ನನಗೂ ರೆಕ್ಕೆ ಬಂತು. ಕಂದು ಬಣ್ಣದ, ಉದ್ದನೆಯ ರೆಕ್ಕೆ. ಒಂದೇ ಒಂದು ಸಂಜೆ ಹಾರಿದೆ, ಮರದ ಇನ್ನೊಂದು ತುದಿಯವರೆಗೆ. ಅಲ್ಲಿ ಅವನು ಸಿಕ್ಕಿದ. ನಮ್ಮಲ್ಲಿ ಮದುವೆಯೆಂದರೆ ತಾಳಿಯಲ್ಲ. ಗಂಡನ ರೆಕ್ಕೆಯನ್ನು ಹೆಂಡತಿ ತಿನ್ನುತ್ತಾಳೆ, ಹೆಂಡತಿಯ ರೆಕ್ಕೆಯನ್ನು ಗಂಡ. ಬುಡದಲ್ಲಿ ಒಂದು ಮೋಟು ಉಳಿಯುವವರೆಗೆ. ಆಮೇಲೆ ಇಬ್ಬರೂ ಎಲ್ಲಿಗೂ ಹೋಗುವಂತಿಲ್ಲ. ನನಗೆ ಹೋಗಬೇಕೆಂದು ಅನಿಸಲೂ ಇಲ್ಲ.

ನಾವು ಹೊಸ ಗೂಡು ಕೊರೆದು ಒಂದು ತಿಂಗಳೂ ಆಗಿರಲಿಲ್ಲ, ಆಗಸ್ಟಿನ ಒಂದು ಬೆಳಿಗ್ಗೆ ಮರದ ಸಿಪ್ಪೆ ಎದ್ದಿತು. ಬೆಳಕು ಸುರಿಯಿತು. ಚಿಮಟವೊಂದು ನನ್ನ ನಡುವನ್ನು ಹಿಡಿದೆತ್ತಿತು. ಅದನ್ನು ಹಿಡಿದಿದ್ದವಳು ಹರಿಣಾಕ್ಷಿ. ಮೂವತ್ತಾರು ವರ್ಷದ ಹೆಂಗಸು, ಪೇಟೆಯ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಅತಿಥಿ ಉಪನ್ಯಾಸಕಿ. ನಮ್ಮ ಕುಲದ ಮೇಲೆ ಏಳು ವರ್ಷದಿಂದ ಪುಸ್ತಕ ಬರೆಯುತ್ತಿದ್ದಳು. ಅದನ್ನು ವಿಶ್ವವಿದ್ಯಾಲಯ ಒಪ್ಪಿದರೆ ಡಾಕ್ಟರ್ ಪದವಿ, ಪದವಿ ಬಂದರೆ ಖಾಯಂ ಕೆಲಸ. ಅವಳ ಚೀಲದ ದಾರಕ್ಕೆ ಕೈತೊಳೆಯುವ ಸ್ಪಿರಿಟಿನ ಪುಟ್ಟ ಬಾಟಲಿ ನೇತಾಡುತ್ತಿತ್ತು. ನನ್ನನ್ನು ಮುಟ್ಟುವ ಮೊದಲು ಒಮ್ಮೆ, ಮುಟ್ಟಿದ ಮೇಲೆ ಒಮ್ಮೆ ಕೈ ಉಜ್ಜಿಕೊಂಡಳು.

ಬನದ ಮನೆತನದ ಹಿರಿಯರಾದ ದೂಮಣ್ಣ ಪಕ್ಕದಲ್ಲೇ ಕೈಕಟ್ಟಿ ನಿಂತಿದ್ದರು. "ಬನದಲ್ಲಿ ಜೀವ ತೆಗೀಲಿಕ್ಕೆ ನಾನು ಬಿಡುದಿಲ್ಲ ತಂಗಿ. ಬೇಕಾದ್ರೆ ಒಂದು ಕಾಲು ತಗೊಂಡು ವಾಪಸ್ ಬಿಡು. ಆರು ಉಂಟಲ್ಲ ಅದಕ್ಕೆ," ಎಂದರು.

"ಒಂದು ಕಾಲು ಸಾಕು ನನಗೆ," ಎಂದಳು ಹರಿಣಾಕ್ಷಿ.

ಅವರಿಬ್ಬರಿಗೂ ಸಾಕು. ನನ್ನನ್ನು ಯಾರು ಕೇಳುತ್ತಾರೆ? ನನ್ನ ಎಡಗಡೆಯ ನಡುಗಾಲು ಹೋಯಿತು, ನನ್ನ ಗಂಡನದೂ ಒಂದು ಹೋಯಿತು, ಪಕ್ಕದ ಮನೆಯವಳದೂ. ಅದೇ ವಾರ ಅವಳು ಪದವಿನ ಮೇಲೆ ಹತ್ತಿ, ಅಲ್ಲಿ ಮಣ್ಣು ತೋಡಿ ಬದುಕುವ ಜಿರಳೆಗಳಲ್ಲಿ ಮೂವರ ಕಾಲು ತೆಗೆದಳು. ಆಮೇಲೆ ಹೊಳೆಯಾಚೆಯ ನೇರಳೆಪದವಿಗೆ ಹೋಗಿ, ಅಲ್ಲಿಯ ಬನದ ಮೂವರು, ಗುಡ್ಡದ ಮೇಲಿನ ಮೂವರು. ಒಟ್ಟು ಹನ್ನೆರಡು ಕಾಲುಗಳು. ಎಲ್ಲರನ್ನೂ ಎತ್ತಿದಲ್ಲಿಗೇ ಬಿಟ್ಟಳು.

ನವೆಂಬರಿನಲ್ಲಿ ಮೊದಲ ಚೊಕ್ಕ ಮಾಡುವಿಕೆ ಬಂತು. ಬನದಲ್ಲಿ ತರಗೆಲೆ ಬಿದ್ದು ಗಲೀಜಾಗುತ್ತದೆ, ಪೂಜೆಗೆ ಬಂದ ಹೆಂಗಸರು ಮಕ್ಕಳು ಹಾವಿಗೆ ಹೆದರುತ್ತಾರೆ ಎಂದು ಮನೆತನದವರು ಸೇರಿ ತೀರ್ಮಾನಿಸಿದರು. ನಾಗಬನಕ್ಕೆ ಹಾವು ಬರುತ್ತದೆ ಎಂಬುದೇ ದೂರು! ಕೇಳಬೇಕಾದವರನ್ನೆಲ್ಲ ಕೇಳಿ, ಮಾಡಬೇಕಾದ ಪೂಜೆಯನ್ನೆಲ್ಲ ಮಾಡಿಯೇ ಅವರು ಕೆಲಸ ಹಿಡಿದದ್ದು. ಸಿಮೆಂಟಿನ ಕಟ್ಟೆ, ಸುತ್ತ ಟೈಲ್ಸ್, ಸ್ಟೀಲಿನ ಗೇಟು. ನಮ್ಮ ರೆಂಜೆ ಮರವನ್ನು ಒಲೆಗೆ ಹಾಕುವಂತಿಲ್ಲವಲ್ಲ, ಹಾಗಾಗಿ ಹಾರೆ ಹಾಕಿ ಒಡೆದು ಹೊಳೆಗೆ ನೂಕಲು ರಸ್ತೆಬದಿಗೆ ಎಳೆದರು.

ಆಗ ನನಗೆ ಒಂಬತ್ತು ಮರಿಗಳು. ಹುಟ್ಟಿ ನಾಲ್ಕೇ ದಿನ. ಹಾರೆಯ ಮೊದಲ ಪೆಟ್ಟಿಗೆ ಗೂಡಿನ ಮಾಡು ಹಾರಿತು. ಎರಡನೆಯ ಪೆಟ್ಟು ನನ್ನ ಗಂಡನ ಮೇಲೆ ಬಿತ್ತು. ನಾನು ಮರಿಗಳ ಮೇಲೆ ಮೈ ಚೆಲ್ಲಿ ಮಲಗಿದೆ. ಬಿಸಿಲಿಗೆ ಬೆನ್ನು ಸುಡುತ್ತಿತ್ತು. ಸುತ್ತ ಕಾಗೆಗಳು ಇಳಿದು ನಮ್ಮವರನ್ನು ಒಬ್ಬೊಬ್ಬರನ್ನಾಗಿ ಹೆಕ್ಕುತ್ತಿದ್ದವು. ಅಷ್ಟರಲ್ಲಿ ಸ್ಕೂಟರ್ ನಿಂತ ಸದ್ದು, ಓಡಿಬರುವ ಹೆಜ್ಜೆ. ಹರಿಣಾಕ್ಷಿ ತನ್ನ ಊಟದ ಸ್ಟೀಲ್ ಡಬ್ಬಿಯ ಅನ್ನವನ್ನು ರಸ್ತೆಬದಿಗೆ ಚೆಲ್ಲಿ, ನಾನಿದ್ದ ಮರದ ಚೂರನ್ನು ಮರಿಗಳ ಸಮೇತ ಅದರೊಳಗೆ ಇಟ್ಟಳು. ಉಳಿದವರನ್ನು ಹುಡುಕಿದಳು. ಯಾರೂ ಸಿಗಲಿಲ್ಲ.

"ಒಂದು ಮಾತು ಫೋನ್ ಮಾಡ್ಬಹುದಿತ್ತಲ್ಲ ದೂಮಣ್ಣ?" ಎಂದಳು.

ದೂಮಣ್ಣನಿಗೆ ನಿಜವಾಗಿಯೂ ಅರ್ಥವಾಗಲಿಲ್ಲ. "ಎಂತಕ್ಕೆ ಮಾರಾಯ್ತಿ? ಒಂದನ್ನೂ ನಾವು ಬೇಕಂತ ಕೊಂದಿಲ್ಲ. ನಾಗನಿಗೆ ಚಂದದ ಕಟ್ಟೆ ಬೇಡ್ವಾ?" ಎಂದರು.

ಕಾಲೇಜಿನ ಪ್ರಯೋಗಾಲಯದಲ್ಲಿ ನನಗೆ ಕಿಟಕಿಯ ಪಕ್ಕ ಒಂದು ಗಾಜಿನ ಪೆಟ್ಟಿಗೆ ಸಿಕ್ಕಿತು. ಅಲ್ಲಿಯೇ ಎರಡನೆಯ ಚೊಕ್ಕ. ಹರಿಣಾಕ್ಷಿ ಬಿಳಿ ಕೋಟು ಹಾಕಿ, ಕೈ ಉಜ್ಜಿ, ದೊಡ್ಡವಳನ್ನು ಒಂದು ಕಡೆ, ಸಣ್ಣವರನ್ನು ಇನ್ನೊಂದು ಕಡೆ ಚೊಕ್ಕವಾಗಿ ಇಡಬೇಕೆಂದು ನನ್ನ ಒಂಬತ್ತು ಮರಿಗಳನ್ನು ಬೇರೆ ಪೆಟ್ಟಿಗೆಗೆ ಹಾಕಿದಳು. ಅಲ್ಲಿ ಒಳ್ಳೆಯ ಮೆತ್ತನೆಯ ಮರದ ಪುಡಿ ಹರವಿದ್ದಳು. ನೀರು ಚಿಮುಕಿಸಿದ್ದಳು. ಎಲ್ಲ ಇತ್ತು, ಒಂದು ಬಾಯಿ ಇರಲಿಲ್ಲ. ಗಾಜಿನ ಈಚೆಯಿಂದ ನಾನು ನೋಡುತ್ತಿದ್ದೆ. ಮೊದಲ ದಿನ ಅವು ಗಾಜಿಗೆ ಒತ್ತಿ ನಿಂತು ಸರದಿಗೆ ಕಾದವು. ನಾಲ್ಕನೆಯ ದಿನ ಒಂಬತ್ತೂ ಮಗುಚಿ ಬಿದ್ದಿದ್ದವು.

ಅಂದು ಅವಳು ಕೋಟು ಕಳಚದೆ ಸ್ಟೂಲಿನ ಮೇಲೆ ತುಂಬಾ ಹೊತ್ತು ಕುಳಿತಿದ್ದಳು. "ನನಗೆ ಗೊತ್ತಿರ್ಲಿಲ್ಲ," ಎಂದು ಎರಡು ಸಲ ಹೇಳಿದಳು. ಯಾರಿಗೆ ಹೇಳಿದಳೋ. ನಾನಂತೂ ಕ್ಷಮಿಸಲಿಲ್ಲ. ನನ್ನ ಬನದ ಇಪ್ಪತ್ತು ಸಂಸಾರಗಳಲ್ಲಿ ಈಗ ನಾನೊಬ್ಬಳೇ, ನನ್ನ ನಂತರ ಕುಲವೇ ಇಲ್ಲ ಎಂದು ಆ ದಿನ ನನಗೆ ಖಚಿತವಾಯಿತು. ಮರ ಕಡಿಯುವುದನ್ನೂ ಎರಡು ವಾರ ಬಿಟ್ಟಿದ್ದೆ.

ನನ್ನನ್ನು ಬದುಕಿಸಿದವರು ಲಿಗೋರಿ. ಪ್ರಯೋಗಾಲಯದ ಸಹಾಯಕರು, ನಿವೃತ್ತಿಗೆ ಎರಡೂವರೆ ವರ್ಷ ಬಾಕಿ ಇದ್ದವರು. ಊರ ಗೇರುತೋಟದ ಮುದಿ ಮರದಿಂದ ಕುಂಬಾಗಿ ಮೆತ್ತಗಾದ ತುಂಡೊಂದನ್ನು ತಂದು ಒಳಗಿಟ್ಟು, "ತಿನ್ನು ಮಾರಾಯ್ತಿ, ಕೋಪ ಹೊಟ್ಟೆಗೆ ಆಗುದಿಲ್ಲ," ಎಂದರು. ಬೆಳಿಗ್ಗೆ ಬಂದವರು ಮೊದಲು ನನ್ನ ಪೆಟ್ಟಿಗೆಗೆ ನೀರು ಚಿಮುಕಿಸಿ ಆಮೇಲೆ ದೀಪ ಹಾಕುತ್ತಿದ್ದರು. ಬೆಳಕು ಕಂಡರೆ ನನಗಾಗದು ಎಂದು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಪಕ್ಕದ ಪೆಟ್ಟಿಗೆಯಲ್ಲಿ ಇನ್ನೊಬ್ಬಳಿದ್ದಳು. ಅಂಬಡೆಪದವಿನ ಮೇಲಿನ ಮಣ್ಣಿನವಳು. ಹೇಗೆ ತೋಡುತ್ತಾಳೆಂದು ನೋಡಲು ಹರಿಣಾಕ್ಷಿ ಆಗಸ್ಟಿನಲ್ಲೇ, ಕಾಲು ತೆಗೆಯದೆ, ಬೇರೆಯಾಗಿ ತಂದಿಟ್ಟಿದ್ದಳು. ನನಗಿಂತ ಒಂದೂವರೆ ಪಾಲು ದಪ್ಪ. ಹುಟ್ಟಿನಿಂದಲೇ ರೆಕ್ಕೆ ಇಲ್ಲ. ಮುಂಗಾಲು ಎರಡೂ ಗುದ್ದಲಿ. ದಿನವಿಡೀ ಮಣ್ಣಿನೊಳಗೆ ಸುರಂಗ ತೋಡುವುದು, ಒಣಗಿದ ಎಲೆಯನ್ನು ದರದರ ಎಳೆದುಕೊಂಡು ಹೋಗಿ ಒಳಗೆ ಕೂತು ತಿನ್ನುವುದು. ನಾನು ಅವಳ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಮರ ತಿನ್ನುವ ಮನೆತನದವಳು ಎಲ್ಲಿ, ಕಸ ಎಳೆಯುವವಳು ಎಲ್ಲಿ ಎಂಬ ಗತ್ತು ನನಗಿತ್ತು. ಮನೆಯೆಲ್ಲ ಹೋದರೂ ಗತ್ತು ಉಳಿಯುತ್ತದೆ, ನೋಡಿ.

ಹರಿಣಾಕ್ಷಿಯ ಪುಸ್ತಕವೆಲ್ಲ ನಿಂತಿದ್ದದ್ದು ನಮ್ಮಿಬ್ಬರ ನಡುವಿನ ಈ ಗೋಡೆಯ ಮೇಲೆಯೇ. ಅದನ್ನು ಅವಳು ಲಿಗೋರಿಗೆ ವಿವರಿಸಿದ್ದು ನನಗೆ ಬಾಯಿಪಾಠ.

"ಎಲ್ಲ ಜೀವದ ಮೈಯೊಳಗೂ ನಾಲ್ಕೇ ಅಕ್ಷರದ ಒಂದು ಉದ್ದದ ಬರಹ ಉಂಟು. ತಾಯಿಯದ್ದನ್ನು ಮಗಳು ಕಾಪಿ ಮಾಡುದು. ಕಾಪಿ ಮಾಡುವಾಗ ಅಪರೂಪಕ್ಕೆ ಒಂದು ಅಕ್ಷರ ತಪ್ಪುತ್ತದೆ. ಆ ತಪ್ಪನ್ನೂ ಮೊಮ್ಮಗಳು ಹಾಗೇ ಕಾಪಿ ಮಾಡ್ತಾಳೆ. ಇಬ್ಬರ ಬರಹದಲ್ಲಿ ಒಂದೇ ತಪ್ಪು ಇದ್ರೆ ಇಬ್ರೂ ಒಂದೇ ಮನೆಯವರು."

"ಪರೀಕ್ಷೆಯಲ್ಲಿ ಕಾಪಿ ಹೊಡೆದವರನ್ನು ಹಿಡಿಯುವ ಹಾಗೆ," ಎಂದರು ಲಿಗೋರಿ.

"ಅದೇ. ಹಿಂದೆ ಈ ಗುಡ್ಡದ ಮೇಲೆಲ್ಲ ಕಾಡಿತ್ತು. ಎಲ್ರೂ ಮರ ತಿನ್ನುವವರೇ. ಲಕ್ಷಾಂತರ ವರ್ಷದಲ್ಲಿ ಮಳೆ ಕಡಿಮೆಯಾಗಿ ಕಾಡು ತಗ್ಗಿಗೆ ಇಳೀತು. ಮೇಲೆ ಉಳಿದವರು ಮರ ಸಿಗದೆ ಮಣ್ಣಿಗೆ ಇಳಿದ್ರು, ಗುದ್ದಲಿ ಕಾಲು ಬಂತು. ಇದು ಒಂದೇ ಸಲ ಆದದ್ದು, ಆಮೇಲೆ ಗುಡ್ಡದಿಂದ ಗುಡ್ಡಕ್ಕೆ ಹಬ್ಬಿದ್ದು ಅಂತ ನನ್ನ ಪುಸ್ತಕ. ಮಣ್ಣಿನವರೆಲ್ಲ ಒಂದು ಮನೆ, ಮರದವರೆಲ್ಲ ಇನ್ನೊಂದು ಮನೆ."

ನಾನು ಮನಸ್ಸಿನಲ್ಲೇ ತಲೆದೂಗಿದೆ. ಅವಳ ಮೇಲೆ ಎಷ್ಟು ಸಿಟ್ಟಿದ್ದರೂ ಈ ಮಾತೊಂದನ್ನು ಒಪ್ಪಿದ್ದೆ.

ಜನವರಿಯಲ್ಲಿ ಮೂರನೆಯ ಚೊಕ್ಕ. ಹನ್ನೆರಡು ಕಾಲುಗಳನ್ನು ಅವಳು ಪೂರ್ತಿ ಅರೆದು, ಸೋಸಿ, ಬೆರಳಿನ ಉಗುರಿನಷ್ಟು ಚಿಕ್ಕ ಹನ್ನೆರಡು ಕೊಳವೆಗಳಲ್ಲಿ ತಿಳಿನೀರಿನಂಥ ದ್ರವ ಮಾಡಿಟ್ಟಿದ್ದಳು. ನಮ್ಮ ಬರಹವೆಲ್ಲ ಆ ನೀರಿನಲ್ಲಿ. ಮುಚ್ಚಳದ ಮೇಲೆ ಮಾರ್ಕರಿನಲ್ಲಿ ನಂಬರು. ಹೈದರಾಬಾದಿಗೆ ಓದಿಸಲು ಕಳಿಸುವ ದಿನ ಕೊಳವೆಗಳನ್ನು ಫ್ರಿಜ್ಜಿನಿಂದ ತೆಗೆದಳು. ಬೇರೆ ಯಾವುದರ ಸೋಂಕೂ ತಾಗಬಾರದೆಂದು, ಆ ಕೋಣೆಯಲ್ಲಿ ಎಲ್ಲವನ್ನೂ ಒರೆಸುವ ಹಾಗೆ, ಸ್ಪಿರಿಟಿನ ಹತ್ತಿಯಿಂದ ಒಂದೊಂದನ್ನೇ ಒರೆಸಿ ಬಟ್ಟೆಯ ಮೇಲೆ ರಾಶಿ ಹಾಕಿದಳು. ಮಾರ್ಕರಿನ ಶಾಯಿ ಸ್ಪಿರಿಟಿಗೆ ನಿಲ್ಲುವುದಿಲ್ಲ. ಇದನ್ನು ಅವಳೇ ವರ್ಷವರ್ಷ ತರಗತಿಯಲ್ಲಿ ಹೇಳಿಕೊಟ್ಟವಳು. ಹತ್ತಿ ನೀಲಿಯಾಗಿದ್ದು ಕಂಡಾಗ ಹನ್ನೊಂದು ಒರೆಸಿಯಾಗಿತ್ತು. ಹನ್ನೆರಡನೆಯದು ಬೆರಳಲ್ಲೇ ಇತ್ತು, ಬೋಳಾಗಿ.

ಲಿಗೋರಿ ಬಾಗಿಲಲ್ಲಿ ನಿಂತು ಎಲ್ಲ ನೋಡಿದರು. ಅವಳೂ ಅವರನ್ನು ನೋಡಿದಳು. ಅವಳು ಒರೆಸಿದ ಕ್ರಮವನ್ನು ನೆನೆಸಿಕೊಳ್ಳುತ್ತಾ ಮತ್ತೆ ಒಂದರಿಂದ ಹನ್ನೆರಡು ಬರೆದಳು. ಕೈ ಎರಡು ಕಡೆ ತಡೆಯಿತು. ಆದರೂ ಬರೆದಳು.

ಹೈದರಾಬಾದಿನಿಂದ ಬಂದ ಉತ್ತರದಲ್ಲಿ ಆರು ಒಂದು ಗುಂಪು, ಆರು ಇನ್ನೊಂದು ಗುಂಪು. ಎರಡು ಮನೆಗಳಿರುವುದು ಸ್ಪಷ್ಟ. ಆದರೆ ಅವಳು ಹೊಸದಾಗಿ ಬರೆದ ನಂಬರುಗಳ ಪ್ರಕಾರ ಎರಡೂ ಗುಂಪಿನಲ್ಲಿ ಮರದವರೂ ಮಣ್ಣಿನವರೂ ಕಲಸಿಹೋಗಿದ್ದರು. ಒಂದು ವಾರ ಅವಳು ಸರಿಯಾಗಿ ಊಟ ಮಾಡಲಿಲ್ಲ. ಆಮೇಲೆ ಒಂದು ಮಧ್ಯಾಹ್ನ ತನಗೆ ತಾನೇ ಗಟ್ಟಿಯಾಗಿ ಹೇಳಿಕೊಂಡಳು: "ನಂಬರು ನಾನು ತಪ್ಪಿ ಬರೆದದ್ದು. ಗುಂಪು ಎರಡು ಬಂತಲ್ಲ. ಒಂದು ಮರ, ಒಂದು ಮಣ್ಣು. ಬೇರೆ ಎಂತ ಇರ್ಲಿಕ್ಕೆ ಸಾಧ್ಯ?" ಈ ಆರು ಮಣ್ಣಿನವು, ಈ ಆರು ಮರದವು ಎಂದು ನಂಬರುಗಳನ್ನು ತಿದ್ದಿ ಕೂರಿಸಿದಳು. ಏಳು ವರ್ಷ ನಂಬಿದ್ದನ್ನೇ ಬರೆದಳು. ಮಾರ್ಗದರ್ಶಕರಾದ ಪ್ರೊಫೆಸರ್ ಉಪೇಂದ್ರ ನಾಯಕರು ಓದಿ, ಮೆಚ್ಚಿ, ಸಹಿ ಹಾಕಿದರು. ಮಾರ್ಚ್ ಕೊನೆಯ ಸೋಮವಾರ ವಿಶ್ವವಿದ್ಯಾಲಯಕ್ಕೆ ಕೊಡಬೇಕು. ಅದೇ ಅವಳಿಗಿದ್ದ ಕಡೆಯ ದಿನ. ಮಂಗಳವಾರ ಖಾಯಂ ಕೆಲಸದ ಸಂದರ್ಶನ.

ಭಾನುವಾರ ಬೆಳಿಗ್ಗೆ ಅವಳು ಮೇಜು ಖಾಲಿ ಮಾಡಲು ಬಂದಳು. ಕೆಂಪು ರಟ್ಟಿನ ಪುಸ್ತಕದ ಐದು ಪ್ರತಿಗಳು ಮೇಜಿನ ಮೇಲಿದ್ದವು. ಲಿಗೋರಿ ಇಗರ್ಜಿಯಲ್ಲಿ ಪ್ರಾರ್ಥನೆ ಮುಗಿಸಿ ನೇರವಾಗಿ ಬಂದಿದ್ದರು, ಇಸ್ತ್ರಿ ಮಾಡಿದ ಅಂಗಿಯಲ್ಲಿ.

"ಇವರಿಬ್ರನ್ನು ಎಂತ ಮಾಡುದು ಮೇಡಂ? ನಿಮ್ಮ ಕೆಲಸ ಮುಗೀತಲ್ಲ. ಸ್ಪಿರಿಟಿಗೆ ಹಾಕುದಾ?" ಎಂದು ನಮ್ಮ ಪೆಟ್ಟಿಗೆಗಳನ್ನು ತೋರಿಸಿದರು.

ನನ್ನ ಮೀಸೆಗಳೆರಡೂ ನೆಟ್ಟಗಾದವು. ಹರಿಣಾಕ್ಷಿ ಬಗ್ಗಿ ನನ್ನನ್ನು ನೋಡಿದಳು, ಪಕ್ಕದವಳನ್ನು ನೋಡಿದಳು. ಮತ್ತೆ ನನ್ನನ್ನು ನೋಡಿದಳು.

"ಲಿಗೋರಿಯವ್ರೇ," ಎಂದಳು ಮೆಲ್ಲಗೆ, "ಇವರಿಬ್ಬರ ಊರು ನನಗೆ ಗೊತ್ತುಂಟು. ಇವಳು ಅಂಬಡೆಯ ಬನದವಳು. ಇವಳು ಅದೇ ಗುಡ್ಡದ ಮೇಲಿನವಳು. ಇದಕ್ಕೆ ನಂಬರು ಬೇಡ."

ಸಂಗತಿ ಅಷ್ಟು ಸರಳ. ನಮ್ಮಿಬ್ಬರ ಬರಹ ಬೇರೆ ಬೇರೆ ಗುಂಪಿಗೆ ಸೇರಿದರೆ ಪುಸ್ತಕ ಸರಿ. ಇಬ್ಬರೂ ಒಂದೇ ಗುಂಪಿಗೆ ಬಿದ್ದರೆ ಪುಸ್ತಕ ಸುಳ್ಳು. ನೋಡದೆ ಹೋದರೆ ಯಾರಿಗೂ, ಯಾವತ್ತೂ ಗೊತ್ತಾಗುವುದಿಲ್ಲ. ಅವಳು ಕಿಟಕಿಯ ಹತ್ತಿರ ಹೋಗಿ ನಿಂತಳು, ವಾಪಸು ಬಂದಳು, ಪುಸ್ತಕದ ರಟ್ಟು ಸವರಿದಳು, ಮತ್ತೆ ಹೋದಳು. ನೋಡುವುದೆಂದರೆ ನನ್ನ ಇನ್ನೊಂದು ಕಾಲು. ನೋಡದಿದ್ದರೆ ಬಹುಶಃ ಸ್ಪಿರಿಟು.

"ಒಂದು ದಿನದಲ್ಲಿ ಆಗ್ತದಾ?" ಎಂದರು ಲಿಗೋರಿ.

"ಆಗ್ತದೆ. ಕತ್ತರಿಸುವ ಔಷಧಿ ಸ್ವಲ್ಪ ಉಳಿದಿದೆ. ಒಂದು ಗುಂಪಿನವರ ಬರಹವನ್ನು ಅದು ಎರಡು ತುಂಡು ಮಾಡ್ತದೆ, ಇನ್ನೊಂದು ಗುಂಪನ್ನು ಮುಟ್ಟುದಿಲ್ಲ. ಓದಿಸುದು ಬೇಡ, ಗೆರೆ ನೋಡಿದ್ರೆ ಸಾಕು." ಅವಳು ಕೋಟು ಹಾಕಿಕೊಂಡಳು.

ಈ ಸಲ ನನ್ನ ಬಲಗಡೆಯ ಹಿಂಗಾಲು ಹೋಯಿತು. ಚಿಮಟ ಮುಚ್ಚುವ ಮೊದಲು ಅವಳು, "ತಪ್ಪಾಯ್ತು ಮಾರಾಯ್ತಿ," ಎಂದಳು. ಪಕ್ಕದವಳು ಗುದ್ದಲಿ ಕಾಲನ್ನು ಜಾಡಿಸಿ ಚಿಮಟವನ್ನೇ ಎರಡು ಸಲ ತಳ್ಳಿದಳು; ಆ ಧೈರ್ಯವನ್ನು ನಾನು ಮೆಚ್ಚದೆ ಇರಲಾಗಲಿಲ್ಲ. ಕಾಲುಗಳನ್ನು ಅರೆದರು, ಕುದಿಸಿದರು, ಸೋಸಿದರು. ಹನ್ನೊಂದು ಗಂಟೆಗೆ ಆ ದ್ರವ, ಬರಹವನ್ನು ಸಾವಿರಾರು ಪ್ರತಿ ಮಾಡುವ ಯಂತ್ರದೊಳಗೆ ಹೋಯಿತು. ಹನ್ನೆರಡಕ್ಕೆ ಕರೆಂಟು ಹೋಯಿತು.

ಭಾನುವಾರ ಲೈನ್ ದುರಸ್ತಿ ಇರುತ್ತದೆಂದು ಇಬ್ಬರೂ ಮರೆತಿದ್ದರು. ಯಂತ್ರಕ್ಕೆ ಜೋಡಿಸಿದ್ದ ಬ್ಯಾಟರಿ ಕೀಚ್ ಕೀಚ್ ಎಂದು ಕೂಗತೊಡಗಿತು. ಅದು ಹತ್ತು ನಿಮಿಷ ತಡೆಯಬಹುದಷ್ಟೆ. ಯಂತ್ರ ನಿಂತರೆ ಮತ್ತೆ ಮೊದಲಿನಿಂದ, ಅಂದರೆ ಮತ್ತೆ ಇಬ್ಬರದೂ ಒಂದೊಂದು ಕಾಲು. ನನಗಿದ್ದದ್ದು ನಾಲ್ಕೇ. ಲಿಗೋರಿ ಇಸ್ತ್ರಿ ಅಂಗಿಯಲ್ಲೇ ಕೆಳಗೆ ಓಡಿ ಹಳೆಯ ಜನರೇಟರಿನ ಹಗ್ಗ ಎಳೆದರು. ಒಂದು ಸಲ, ಎರಡು ಸಲ, ಐದು ಸಲ. ಪ್ರತಿ ಸಲವೂ ಅದು ಕೆಮ್ಮಿ ಸುಮ್ಮನಾಗುತ್ತಿತ್ತು. ಹರಿಣಾಕ್ಷಿ ಯಂತ್ರದ ಮೇಲೆ ಎರಡೂ ಕೈ ಇಟ್ಟು ನಿಂತಿದ್ದಳು. ಅದು ನಿಂತುಹೋಗಲಿ ಎಂದು ಅವಳು ಒಳಗೊಳಗೇ ಬೇಡುತ್ತಿದ್ದಳೋ, ನಿಲ್ಲದಿರಲಿ ಎಂದೋ, ನನಗೆ ತಿಳಿಯಲಿಲ್ಲ. ಕೊನೆಗೆ ಜನರೇಟರು ಗುಡುಗಿತು. ಲಿಗೋರಿ ಮೈಯೆಲ್ಲ ಎಣ್ಣೆ ಮಾಡಿಕೊಂಡು ಬಂದರು.

ನಾಲ್ಕು ಗಂಟೆಗೆ ಅವಳು ಪಾರದರ್ಶಕ ಹಲ್ವದಂಥ, ಜೆಲ್ ಎನ್ನುವ ಒಂದು ಹಾಳೆಯನ್ನು ದೀಪದ ಪೆಟ್ಟಿಗೆಯ ಮೇಲಿಟ್ಟು ಪರದೆ ಎಳೆದಳು. ಅದರಲ್ಲಿ ನಾಲ್ಕು ಸಾಲು. ಮೊದಲ ಗುಂಪಿನದೊಂದು, ಎರಡನೆಯ ಗುಂಪಿನದೊಂದು, ಆಮೇಲೆ ನಾನು, ಕೊನೆಗೆ ಮಣ್ಣಿನವಳು. ದೀಪ ಹತ್ತಿತು. ಮೊದಲ ಸಾಲಿನಲ್ಲಿ ಒಂದು ಗೆರೆ. ಎರಡನೆಯದರಲ್ಲಿ ಎರಡು ಗೆರೆ. ನನ್ನದರಲ್ಲಿ ಎರಡು.

ನಾಲ್ಕನೆಯ ಸಾಲಿನಲ್ಲಿಯೂ ಎರಡು.

ನಾನು ಗಾಜಿನ ಆಚೆಗಿದ್ದ ಆ ದಪ್ಪ ಹೆಂಗಸನ್ನು ನೋಡಿದೆ. ಅವಳು ಅಷ್ಟರಲ್ಲಾಗಲೇ ಕುಂಟಿಕೊಂಡು ಒಂದು ಎಲೆ ಎಳೆಯಲು ಹೊರಟಿದ್ದಳು.

"ಒಂದೇ ಮನೆಯವರು," ಎಂದಳು ಹರಿಣಾಕ್ಷಿ. ಕುರ್ಚಿ ಹಿಂದೆ ಇದೆಯೇ ಎಂದು ನೋಡದೆ ಕೂತಳು. "ಗುಂಪು ಮರ ಮಣ್ಣಿನದ್ದಲ್ಲ. ಗುಡ್ಡ ಗುಡ್ಡದ್ದು. ಇಲ್ಲಿಯ ಮರದವರೇ ಇಲ್ಲಿ ಮಣ್ಣಿಗೆ ಇಳಿದದ್ದು, ಅಲ್ಲಿಯವರು ಅಲ್ಲಿ. ಎರಡು ಕಡೆ ಬೇರೆ ಬೇರೆ ಗುದ್ದಲಿ ಹುಟ್ಟಿದೆ. ನಾನು ಪೂರ್ತಿ ಉಲ್ಟಾ ಬರ್ದಿದ್ದೇನೆ."

ಅವಳು ಪ್ರೊಫೆಸರ್ ನಾಯಕರಿಗೆ ಫೋನ್ ಮಾಡಿದಳು. ಸ್ಪೀಕರ್ ಹಾಕಿ ಫೋನನ್ನು ಮೇಜಿನ ಮೇಲಿಟ್ಟು ಮಾತಾಡಿದಳು, ಹಾಗಾಗಿ ನಮಗೂ ಕೇಳಿಸಿತು. ನಾಯಕರು ಮೊದಲು ಬೈಯಲಿಲ್ಲ.

"ಒಂದು ಜೆಲ್ ನೋಡಿ ಏಳು ವರ್ಷ ಬಿಸಾಡುದಾ ಹರಿಣಾಕ್ಷಿ? ನಾಳೆ ಕೊಡದಿದ್ರೆ ನೋಂದಣಿಯೇ ರದ್ದು. ಮಂಗಳವಾರದ್ದೂ ಹೋಯ್ತು," ಎಂದರು. ಮತ್ತೆ ಸ್ವರ ತಗ್ಗಿಸಿ ಕೇಳಿದರು, "ಇದನ್ನು ಯಾರು ಯಾರು ನೋಡಿದ್ದಾರೆ?"

ಲಿಗೋರಿ ತಟ್ಟನೆ ಮುಂದೆ ಬಂದರು. "ನಾನು ನೋಡ್ಲಿಲ್ಲ ಮೇಡಂ. ನನ್ನ ಕನ್ನಡಕ ಮನೆಯಲ್ಲಿ ಉಂಟು," ಎಂದರು ಪಿಸುಮಾತಿನಲ್ಲಿ. ಕನ್ನಡಕ ಅವರ ಮೂಗಿನ ಮೇಲೆಯೇ ಇತ್ತು.

ಅವಳು ಅವರನ್ನು ನೋಡಿ ನಕ್ಕಳು. ಕಣ್ಣಲ್ಲಿ ನೀರಿತ್ತು.

"ನಾನು ನೋಡಿದ್ದೇನೆ ಸರ್," ಎಂದಳು.

ಇದಾಗಿ ಎರಡು ವರ್ಷ. ಕೆಲಸ ಬೇರೆಯವರಿಗೆ ಹೋಯಿತು. ಹರಿಣಾಕ್ಷಿ ಈಗ ಎರಡು ಬಸ್ಸು ದೂರದ ಒಂದು ಪಿಯು ಕಾಲೇಜಿನಲ್ಲಿ ಪಾಠ ಮಾಡುತ್ತಾಳೆ. ಶನಿವಾರ ಶನಿವಾರ ಇಲ್ಲಿಗೆ ಬಂದು, ಹೊಸದಾಗಿ ಹೆಸರು ನೋಂದಾಯಿಸಿಕೊಂಡು, ಮೊದಲ ಪುಟದಿಂದ ಮತ್ತೆ ಬರೆಯುತ್ತಿದ್ದಾಳೆ. ಎಲ್ಲಕ್ಕೂ ಪೆನ್ಸಿಲ್, ಸ್ಪಿರಿಟು ಅದನ್ನು ಅಳಿಸುವುದಿಲ್ಲ. ಮುಗಿಯಲು ಇನ್ನೂ ಒಂದು ವರ್ಷ ಬೇಕಂತೆ. ಬೇಸರವಾದ ದಿನ ಬೇಸರ ಎಂದೇ ಹೇಳುತ್ತಾಳೆ, ಮುಚ್ಚಿಡುವುದಿಲ್ಲ. ಲಿಗೋರಿ ಮುಂದಿನ ತಿಂಗಳು ನಿವೃತ್ತರಾಗುತ್ತಾರೆ. ನನಗೆ ವಯಸ್ಸಾಯಿತು. ಒಂದು ಮೀಸೆ ಅರ್ಧಕ್ಕೆ ಮುರಿದಿದೆ. ನಾಲ್ಕು ಕಾಲಲ್ಲಿ ನಡೆಯುವುದಕ್ಕಿಂತ ಮೂಲೆಯಲ್ಲಿ ಕೂತು ಗೇರು ಮರದ ತುಂಡು ಕೆರೆಯುವುದೇ ಸುಖ.

ಎರಡು ವರ್ಷ ಹಿಂದಿನ ಆ ಜೂನಿನಲ್ಲಿ, ಮೊದಲ ಮಳೆಯ ಮರುದಿನ, ಮಣ್ಣಿನವಳನ್ನು ಅವಳ ಜಾಗದಲ್ಲೇ ಬಿಡಲು ಹರಿಣಾಕ್ಷಿಯೂ ಲಿಗೋರಿಯೂ ಅಂಬಡೆಪದವಿಗೆ ಹೋದರು. ನನ್ನನ್ನೂ ಒಯ್ದರು. ನನ್ನನ್ನು ಬಿಡಲು ಜಾಗವಿರಲಿಲ್ಲ. ಕೆಳಗೆ ಬನದ ಟೈಲ್ಸ್ ಬಿಸಿಲಿಗೆ ಹೊಳೆಯುತ್ತಿತ್ತು. ಹರಿಣಾಕ್ಷಿ ನನ್ನನ್ನು ಅಂಗೈಯಲ್ಲಿಟ್ಟು ಮುರಕಲ್ಲಿನ ಮೇಲೆ ಕೂತು, ಕೈಯನ್ನು ನೆಲಕ್ಕೆ ತಾಗಿಸಿದಳು. ಅಂದು ಅವಳು ಕೈ ಉಜ್ಜಿಕೊಂಡಿರಲಿಲ್ಲ. ಒದ್ದೆ ನೆಲದಲ್ಲಿ ಒಂದು ತೂತು ತೆರೆಯಿತು, ಆಮೇಲೆ ಇನ್ನೊಂದು, ಆಮೇಲೆ ಕಣ್ಣು ಹೋದಲ್ಲೆಲ್ಲ. ಗುದ್ದಲಿ ಕಾಲಿನ ತಾಯಂದಿರು, ಅವರ ಹಿಂದೆ ಸಾಲುಗಟ್ಟಿ ಬಿಳಿಚಿದ ಮೆತ್ತನೆಯ ಮರಿಗಳು, ಎಲೆ ಎಳೆಯುವ ಅವಸರ. ಮುಂದೆ ನುಗ್ಗಿದ ಒಂದು ಮರಿ ನನ್ನ ಹತ್ತಿರ ಬಂದು ಬಾಯಿ ತೆರೆದು ನಿಂತಿತು. ನನ್ನ ಹೊಟ್ಟೆಯಲ್ಲಿದ್ದದ್ದು ಮರ. ಅದಕ್ಕೆ ಒಗ್ಗುತ್ತದೋ ಇಲ್ಲವೋ ತಿಳಿಯದು. ಆದರೂ ಒಂದು ಹನಿ ಕೊಟ್ಟೆ. ಕುಡಿಯಿತು.

ಕುಲದಲ್ಲಿ ನಾನೇ ಕೊನೆಯವಳೆಂದು ನಂಬಿ ಸಾಯುತ್ತಿದ್ದೆ. ಅಲ್ಲ ಎಂದು ನನಗೆ ತಿಳಿಯಲು ಒಬ್ಬ ಹೆಂಗಸು ತನ್ನ ಏಳು ವರ್ಷವನ್ನು ಕೈಯಾರೆ ಕಳೆದುಕೊಂಡಳು. ನನಗಾಗಿ ಅವಳು ಹಾಗೆ ಮಾಡಿದ್ದಲ್ಲ, ನನಗೇನು ಸಿಕ್ಕಿತೆಂದು ಅವಳಿಗೆ ಗೊತ್ತೂ ಇಲ್ಲ. ಈ ಶನಿವಾರವೂ ಬಂದು ಪೆಟ್ಟಿಗೆಗೆ ನೀರು ಚಿಮುಕಿಸಿ, ಪೆನ್ಸಿಲ್ ಹೆರೆದು, ನನ್ನ ಪಕ್ಕದಲ್ಲೇ ಕೂತು ಬರೆಯುತ್ತಿದ್ದಾಳೆ.